ಬಿಳಿ ಒಂದಲ್ಲ

ಮೊದಲನೆಯದು ಕೆಲಸಕ್ಕೆಂದೇ ಕೊಂಡದ್ದು.
ಸೂರ್ ಊರಿನ ಆಸ್ಪತ್ರೆ, ರಾತ್ರಿಪಾಳಿ,
ಕಣ್ಣಪಾಪೆ ನೋಡಲು ಪೆನ್ನಿನುದ್ದದ ಟಾರ್ಚು,
ಐನೂರು ಬೈಸಾ. ಮೂರೇ ದಿನಕ್ಕೆ ಸತ್ತಿತು.
ಎಕ್ಸ್‌ರೇ ರೂಮಿನ ರೋಮೆಲ್ ಜೇಬಿನಿಂದ ತನ್ನದನ್ನು ತೆಗೆದು
ಗೋಡೆಗೆ ಹಿಡಿದ: "ಸಿಸ್ಟರ್, ಇದು ಬೆಳಕು.
ನಿಮ್ಮದು ಬರೀ ಉರಿಯುತ್ತಿತ್ತು."

ಈಗ ಹನ್ನೊಂದಿವೆ.
ನನ್ನ ರೂಮಿನ ಜಿನ್ಸಿ ಎಣಿಸಿಟ್ಟಿದ್ದಾಳೆ;
ಬಂಗಾರ ಮಾಡಿಸಿಕೊಳ್ಳುವ ವಯಸ್ಸಿನಲ್ಲಿ
ಬ್ಯಾಟರಿ ಮಾಡಿಸಿಕೊಂಡವಳೆಂದು ಫೋನಿನಲ್ಲಿ ನಗುತ್ತಾಳೆ.
ನಗಲಿ. ಹಿತ್ತಾಳೆಯದೊಂದಿದೆ, ಕೈಬೆವರಿಗೆ ಕಪ್ಪಾದದ್ದು,
ಅದರ ತೂಕ ಅಂಗೈಗೆ ಗೊತ್ತು,
ಬಳೆಯ ತೂಕ ಮಣಿಕಟ್ಟಿಗೆ ಗೊತ್ತಿರುವ ಹಾಗೆ.

ಕೆಟ್ಟದ್ದು ಕಣ್ಣು.
ಹಾಲು, ಸುಣ್ಣ, ಮಲ್ಲಿಗೆ, ಯೂನಿಫಾರ್ಮು
ಎಲ್ಲವೂ ಬಿಳಿ ಎಂದೇ ನಂಬಿದ್ದವಳು ನಾನು.
ಈಗ ಮಾಂಸದಂಗಡಿಯ ದೀಪದಲ್ಲಿ
ಬೆರೆಸಿದ ಗುಲಾಬಿಯ ಮೋಸ ಕಾಣುತ್ತದೆ.
ಕಡಲ ರಸ್ತೆಯಲ್ಲಿ ಏಳನೆಯ ಕಂಬದಿಂದಾಚೆಗೆ
ಹಳದಿ ತೆಗೆದು ನೀಲಿಗಟ್ಟಿದ ಬಲ್ಬು ಹಾಕಿದ್ದಾರೆ,
ಯಾರೂ ಗಮನಿಸಿಲ್ಲ; ನಾನಲ್ಲಿ ಹೆಜ್ಜೆ ತಪ್ಪುತ್ತೇನೆ.
ಟ್ಯಾಕ್ಸಿಯ ಹೆಡ್‌ಲೈಟು, ಮಸೀದಿಯ ಹಸಿರು ಟ್ಯೂಬು,
ಫ್ರಿಜ್ಜಿನೊಳಗಿನ ಒಂಟಿ ದೀಪ,
ಒಂದೊಂದೂ ಜಾತಕ ಬಿಚ್ಚಿಕೊಂಡು ನಿಲ್ಲುತ್ತದೆ.
ಜಿನ್ಸಿಗೆ ಗೊತ್ತುಮಾಡಿದ ಹುಡುಗ ವೀಡಿಯೊದಲ್ಲಿ ಬಂದಾಗ
ನಾನು ನೋಡಿದ್ದು ಅವನ ಬೆನ್ನಹಿಂದಿನ ಟ್ಯೂಬ್‌ಲೈಟನ್ನು.
"ಹೇಗಿದ್ದಾನೆ?" ಎಂದಳು.
"ಚೋಕು ಹೋಗಿದೆ" ಎಂದೆ.

ನೇರಳೆಯದೊಂದಿದೆ, ತಾನು ಕಾಣದೆ ತೋರಿಸುವುದು.
ರಜೆಯ ರಾತ್ರಿ ವಾದಿಯ ಕಲ್ಲುಗಳ ಮೇಲೆ ಹಾಯಿಸಿದರೆ
ಚೇಳುಗಳು ಹಸಿರಾಗಿ ಹೊಳೆದವು, ಒಂದಲ್ಲ, ಒಂಬತ್ತು,
ನಾವು ಆಗಷ್ಟೇ ಚಾಪೆ ಸುತ್ತಿಟ್ಟ ಜಾಗದಲ್ಲಿ.
ಅದನ್ನೇ ಮನೆಗೆ ತಂದು
ಒಗೆದು ಮಡಚಿದ ಯೂನಿಫಾರ್ಮಿಗೆ ಹಿಡಿಯಬಾರದಿತ್ತು.
ಹೋಯಿತೆಂದುಕೊಂಡ ಮೂರು ಕಲೆ ಮೇಲೆದ್ದವು.
ಮೂರಕ್ಕೂ ಹೆಸರಿದ್ದವು, ಹಾಸಿಗೆಯ ನಂಬರಿತ್ತು.

ಒಂದು ನಸುಕಿಗೆ,
ನೀಲಿ ಟಾರ್ಚಿನ ಡಾಕ್ಟರು "ಏನಿಲ್ಲ" ಎಂದು ಬರೆದು ಹೋದಮೇಲೆ
ಎರಡು ದಿನದ ಮಗುವಿನ ಎದೆಯನ್ನು ಬೆರಳಲ್ಲಿ ಒತ್ತಿ
ಹಿತ್ತಾಳೆಯದನ್ನು ಹಿಡಿದೆ,
ಬಿಸಿಲಿಗೆ ತೀರ ಹತ್ತಿರದ ಬೆಳಕು.
ಬೆರಳೆತ್ತಿದಲ್ಲಿ ಅರಿಸಿನ.
ತೆಳುವಾಗಿ, ತೊಳೆದಮೇಲೂ ಉಗುರಲ್ಲಿ ಉಳಿಯುವಷ್ಟೇ.
ರಕ್ತ ಕಳಿಸಿದೆವು. ಮಗುವನ್ನು ನೀಲಿ ದೀಪದಡಿ ಮಲಗಿಸಿದೆವು.
(ನೀಲಿಯನ್ನು ನಾನು ಬೈದದ್ದೆಲ್ಲ ಅಂದು ಹಿಂತೆಗೆದುಕೊಂಡೆ.)
ಯಾವ ಟಾರ್ಚೆಂದು ಕೇಳಿದವನು ರೋಮೆಲ್ ಒಬ್ಬನೇ.

ಆಮೇಲೆ ಸಾಲ್ಮೀನ್.
ಆಮೆಗಳು ಮೊಟ್ಟೆಯಿಡುವ ದಂಡೆಯಲ್ಲಿ ಮೂವತ್ತು ವರ್ಷ ಕಾವಲಿದ್ದವನು,
ಬಲಗೈ ಬಿದ್ದು, ಮಾತು ಬಿದ್ದು, ಒಂಬತ್ತನೆಯ ರಾತ್ರಿ.
ಮೂರು ಗಂಟೆಗೆ ರೆಪ್ಪೆ ಎತ್ತಿ ಬೆಳಕು ಬಿಟ್ಟೆ.
ಪಾಪೆ ಕುಗ್ಗಿತು. ತುಟಿ ಅಲುಗಿತು.
"ತಫ್ಫಿ" ಎಂದ. ಆರಿಸು.
ಗದರಿದ ಹಾಗಿತ್ತು, ಪ್ರವಾಸಿಗೆ ಗದರುವ ಹಾಗೆ.
ಆರಿಸಿದೆ. ಕಾರಿಡಾರಿನಲ್ಲಿದ್ದ ಮಗಳನ್ನು ಕೂಗುವ ಮೊದಲು
ಸ್ವಲ್ಪ ಹೊತ್ತು, ಎಷ್ಟೆಂದು ತಿಳಿಯದು,
ಇಬ್ಬರೂ ಕತ್ತಲಲ್ಲೇ ಇದ್ದೆವು.

ಅವನ ದಂಡೆಗೆ ಹೋದೆ, ಜಿನ್ಸಿಯ ಜೊತೆ.
ಮೊಬೈಲು ಆರಿಸಿರೆಂದರು, ಸದ್ದು ಬೇಡವೆಂದರು.
ಜೇಬಿನಲ್ಲಿ ಹಿತ್ತಾಳೆ, ಗುಂಡಿಯ ಮೇಲೆ ಹೆಬ್ಬೆರಳು.
ಮೊದಲು ಏನೂ ಇಲ್ಲ.
ಆಮೇಲೆ ನೀರಿನ ಕಪ್ಪು ಬೇರೆ, ಮರಳಿನ ಕಪ್ಪು ಬೇರೆ,
ಅವೆರಡರ ನಡುವೆ ಇನ್ನೊಂದು ಕಪ್ಪು
ಉಸಿರೆಳೆಯುತ್ತ, ನಿಂತು ನಿಂತು, ಮೇಲೆ ಬರುತ್ತಿತ್ತು.
ಹಿಂಗಾಲಿನಿಂದ ಗುಂಡಿ ತೋಡುವಾಗ
ಮರಳು ನನ್ನ ಮೊಣಕಾಲಿಗೆ ಬಡಿಯಿತು.
"ಕಾಣ್ತಿದೆಯಾ?" ಜಿನ್ಸಿ ಪಿಸುಗುಟ್ಟಿದಳು.
ಹೂಂ ಎನ್ನಲೂ ಇಲ್ಲ ನಾನು.

ಹಿಂದಿರುಗುವಾಗ ಚಪ್ಪಲಿ ಹುಡುಕಲು
ಅರ್ಧ ಗಂಟೆ ತಡಕಾಡಿದೆವು.
ಹನ್ನೊಂದರಲ್ಲಿ ನಾಲ್ಕು ನನ್ನ ಚೀಲದಲ್ಲೇ ಇದ್ದವು.